ನಿದ್ದೆರಾಯನ ಒಂದು ಗಂಟೆ

ಅಷ್ಟೂ ಫಜೀತಿಗೆ ಮೂಲ ಒಂದು ದಿಂಬು. ಹತ್ತಿಯ ದಿಂಬು, ಮೇಲೆ ನೀಲಿ ಹೂವಿನ ಹೊಸ ಗವಸು. ಅದು ನಮ್ಮ ಕಥಾನಾಯಕನದ್ದೂ ಅಲ್ಲ, ಅವನ ಅಕ್ಕನದು.

ನಾಯಕನಿಗೆ ಅವನು ವಾಸವಿದ್ದ ಕಟ್ಟಡದ ಮಕ್ಕಳೆಲ್ಲ ಸೇರಿ ಇಟ್ಟ ಹೆಸರು ನಿದ್ದೆರಾಯ. ಹೆಸರು ಕೇಳಿದವರು ಯಾವನೋ ಸೋಮಾರಿ ಎಂದುಕೊಳ್ಳಬೇಕು. ಸಂಗತಿ ಪೂರಾ ತದ್ವಿರುದ್ಧ. ಮಕ್ಕಳ ನಿದ್ದೆಯ ಮೇಲೆ ಸಂಶೋಧನೆ ಮಾಡುತ್ತ ಮಾಡುತ್ತ ಅವನು ತನ್ನ ನಿದ್ದೆಯನ್ನೇ ಕಳೆದುಕೊಂಡಿದ್ದ. ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಮೂರು ವರ್ಷದಿಂದ ಅವನಿಗೆ ಇದೇ ಕೆಲಸ. ಶಾಲೆಯ ಮಕ್ಕಳ ಕೈಗೆ ವಾಚಿನಂಥ ಪಟ್ಟಿ ಕಟ್ಟುವುದು, ಯಾವಾಗ ಮಲಗಿದರು, ಯಾವಾಗ ಎದ್ದರು, ನಡುವೆ ಎಷ್ಟು ಸಲ ಹೊರಳಾಡಿದರು ಎಂದು ಲೆಕ್ಕ ಹಾಕುವುದು. ಕೊನೆಗೆ ಅವನಿಗೆ ತಿಳಿದದ್ದು ಇಷ್ಟು: ಹದಿಹರೆಯದ ಮಕ್ಕಳಿಗೆ ರಾತ್ರಿ ಬೇಗ ನಿದ್ದೆ ಹತ್ತುವುದಿಲ್ಲ, ಅದು ಆ ವಯಸ್ಸಿನ ದೇಹದ ಗುಣವೇ ಹೊರತು ಪುಂಡತನವಲ್ಲ. ಬೆಳಗ್ಗೆ ಏಳೂವರೆಗೆ ಶಾಲೆ ಶುರುವಾದರೆ ಮೊದಲ ಪಾಠವನ್ನು ಕೇಳಿಸಿಕೊಳ್ಳುವುದು ಬರೀ ಬೆಂಚು ಗೋಡೆಗಳು. ಒಂದೇ ಒಂದು ಗಂಟೆ ತಡವಾಗಿ ಶಾಲೆ ತೆರೆದರೆ ಮಕ್ಕಳು ಬದುಕಿಕೊಳ್ಳುತ್ತಾರೆ.

ಬೇರೆ ಯಾರಾದರೂ ಆಗಿದ್ದರೆ ಇಷ್ಟನ್ನು ಬರೆದು, ಅಚ್ಚು ಹಾಕಿಸಿ, ಪದವಿ ಪಡೆದು ಹಾಯಾಗಿ ಇದ್ದುಬಿಡುತ್ತಿದ್ದರು. ಇವನಿಂದ ಅದು ಆಗಲಿಲ್ಲ. ಲೆಕ್ಕಕ್ಕೆಂದು ಒಂದು ತರಗತಿಯ ಹಿಂದಿನ ಬೆಂಚಿನಲ್ಲಿ ಕೂತಿದ್ದಾಗ, ಮುಂದಿದ್ದ ಹುಡುಗಿಯೊಬ್ಬಳು ತೂಕಡಿಸಿ ಹಣೆಯನ್ನು ಬೆಂಚಿಗೆ ಬಡಿಸಿಕೊಂಡಳು. ಟೀಚರು ಅವಳನ್ನು ಹೊರಗೆ ನಿಲ್ಲಿಸಿದರು. ಹುಡುಗಿ ಕಿಟಕಿಯ ಕಂಬಿ ಹಿಡಿದುಕೊಂಡು ನಿಂತಲ್ಲೇ ಮತ್ತೆ ನಿದ್ದೆ ಹೋದಳು. ಅದನ್ನು ಕಂಡ ಮೇಲೆ ಅವನಿಗೆ ಸುಮ್ಮನಿರಲು ಮನಸ್ಸು ಬರಲಿಲ್ಲ. ಗೆಳೆಯರನ್ನು ಕಟ್ಟಿಕೊಂಡು ಪಾರ್ಕುಗಳಲ್ಲಿ, ಗ್ರಂಥಾಲಯದಲ್ಲಿ, ಬಸ್ ನಿಲ್ದಾಣದಲ್ಲಿ ನಿದ್ದೆಯ ಬಗ್ಗೆ ಭಾಷಣ ಮಾಡಿದ. ಗ್ರಂಥಾಲಯದ ಭಾಷಣಕ್ಕೆ ಒಬ್ಬರೇ ಬಂದಿದ್ದರು, ಅವರೂ ಬಾಗಿಲು ಹಾಕಲು ಬಂದವರು. ಆದರೂ ಅವನು ಬಿಡಲಿಲ್ಲ. ನಗರಸಭೆಗೆ ಅಲೆದು ಅಲೆದು, ಶಿಕ್ಷಣ ಸಮಿತಿಯ ಮುಂದೆ ಮಾತಾಡಲು ಐದು ನಿಮಿಷ ಗಿಟ್ಟಿಸಿಕೊಂಡ. ಇಂಥ ಹಟಮಾರಿಗಳನ್ನು ಕಂಡರೆ ಯಾರಿಗಾದರೂ ಒಳಗೊಳಗೇ ಗೌರವ ಹುಟ್ಟಬೇಕು.

ಅವನ ಗುರುಗಳಿಗೆ ಹುಟ್ಟಲಿಲ್ಲ. "ಇರಲಾರದೆ ಇರುವೆ ಬಿಟ್ಕೊಳ್ಳೋದು ಅಂದ್ರೆ ಇದೇ ನೋಡು. ಹೋಗಿ ಮಾತಾಡಿ ಬಾ. ಆಮೇಲೆ ತೆಪ್ಪಗೆ ಕೂತು ಪ್ರಬಂಧ ಬರಿ" ಎಂದಿದ್ದರು.

ಆ ಶನಿವಾರವೇ ಸಭೆ. ಸೋಮವಾರದಿಂದ ಹೊಸ ವರ್ಷದ ಪಾಠ ಶುರುವಾಗುವುದರಲ್ಲಿತ್ತು, ಶಾಲೆಗಳ ಹೊತ್ತು ಅಂದೇ ನಿಗದಿಯಾಗಬೇಕಿತ್ತು. ಅವತ್ತು ತಪ್ಪಿದರೆ ಮಕ್ಕಳು ಇನ್ನೊಂದು ವರ್ಷ ತೂಕಡಿಸಬೇಕು. ಜನರ ಮುಂದೆ ಮಾತಾಡುವುದು ಹೇಗೆಂದು ಕಲಿಸುವ ಶಿಬಿರವೊಂದರಲ್ಲಿ ಅವನಿಗೆ ಯಾರೋ ಹೇಳಿಕೊಟ್ಟಿದ್ದರು, ನಕ್ಷೆ ತೋರಿಸಬೇಡಿ, ಕೈಯಲ್ಲಿ ಒಂದು ವಸ್ತು ಹಿಡಿದುಕೊಳ್ಳಿ ಎಂದು. ಹಾಗಾಗಿ ದಿಂಬು. ಅವನದ್ದು ಎಣ್ಣೆ ಹಿಡಿದು ಕರ್ರಗಾಗಿತ್ತು. ಅಕ್ಕನದ್ದನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟ.

ಆಸ್ಪತ್ರೆಯಲ್ಲಿ ನರ್ಸಾಗಿದ್ದ ಅಕ್ಕನಿಗೆ ಅಂದು ರಜೆ. ಅವಳು ಬಾಗಿಲ ತನಕ ಹಿಂದೆಯೇ ಬಂದಳು. "ಲೋ, ಅದು ನನ್ನ ದಿಂಬು ಕಣೋ. ಮಧ್ಯಾಹ್ನ ಮಲಗೋಣ ಅಂತಿದ್ದೆ."

"ಸಂಜೆ ತಂದ್ಕೊಡ್ತೀನಿ ಅಕ್ಕ. ಊರಿನ ಮಕ್ಕಳ ನಿದ್ದೆ ಪ್ರಶ್ನೆ."

"ಊರಿಗೆ ಉಪಕಾರಿ, ಮನೆಗೆ ಮಾರಿ. ಸಂಜೆ ದಿಂಬಿಲ್ಲದೆ ಮನೆಗೆ ಬರಬೇಡ."

ಅಕ್ಕ ಆಡಿದ ಈ ಮಾತಿನ ಕೊನೆಯ ತುಂಡು ಎದುರು ಮನೆಯ ಟೈಲರ್ ಆಂಟಿಯ ಕಿವಿಗೆ ಬಿತ್ತು. ಹೊಲಿಗೆ ಕಾರ್ಖಾನೆಯಲ್ಲಿ ಕೆಲಸ ಮಾಡುವ ಅವರು ವಾರದ ರಜೆಯಲ್ಲಿ ಕಟ್ಟಡದ ಸಮಾಚಾರವನ್ನೆಲ್ಲ ಒಂದೇ ಸಲಕ್ಕೆ ಸಂಗ್ರಹಿಸುತ್ತಿದ್ದರು. ದಿಂಬು ಹಿಡಿದು ಮೆಟ್ಟಿಲಿಳಿಯುತ್ತಿದ್ದ ಹುಡುಗನನ್ನು ಕಂಡು ಅವರ ಕರುಳು ಚುರುಕ್ಕೆಂದಿತು.

"ಅಕ್ಕ ತಮ್ಮ ಜಗಳ ಆಡ್ಕೊಂಡ್ರೇನಪ್ಪಾ? ಮನೆಗೇ ಬರಬೇಡ ಅಂದ್ಲಾ?"

"ಅಯ್ಯೋ ಇಲ್ಲ ಆಂಟಿ. ನಗರಸಭೆಗೆ ಹೋಗ್ತಿದೀನಿ."

"ಮನೆ ಜಗಳಕ್ಕೆ ನಗರಸಭೆಗೆ ಯಾಕಪ್ಪಾ ಹೋಗ್ತೀಯ. ನಾವೆಲ್ಲ ಇಲ್ವಾ?"

ಅವನು ಹದಿಹರೆಯದ ಮಿದುಳು, ಕತ್ತಲು, ಬೆಳಕು ಎಂದು ವಿವರಿಸತೊಡಗಿದ. ಅರ್ಧ ಮುಗಿಯುವಷ್ಟರಲ್ಲಿ ಆಂಟಿ ಚಪ್ಪಲಿ ಮೆಟ್ಟಲು ಒಳಗೆ ಹೋಗಿಯಾಗಿತ್ತು. ಇಂಥ ಹೊತ್ತಿನಲ್ಲಿ ಹುಡುಗನ ಜೊತೆ ಯಾರಾದರೂ ಇರಬೇಕೆಂದು ಅವರು ತೀರ್ಮಾನಿಸಿದ್ದರು.

ಕೆಳಗೆ ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದವರು ನಿವೃತ್ತ ಡ್ರಿಲ್ ಮೇಷ್ಟ್ರು. ಬೆಳಗಾಗುವ ಮುಂಚೆಯೇ ಸೀಟಿ ಊದಿ, ಕಟ್ಟಡದ ಗಂಡಸರನ್ನೆಲ್ಲ ಎಬ್ಬಿಸಿ ನಡೆಸಿಕೊಂಡು ಹೋಗುವುದು ಅವರ ವ್ರತ. ಮಧ್ಯಾಹ್ನವಿಡೀ ಅದೇ ಕುರ್ಚಿಯಲ್ಲಿ ಅವರ ತಲೆ ತೂಗುತ್ತಿರುತ್ತಿತ್ತು, ಅದನ್ನು ಅವರು ಚಿಂತನೆ ಎನ್ನುತ್ತಿದ್ದರು.

"ಏನೋ, ಶಾಲೆ ತಡವಾಗಿ ಶುರು ಮಾಡಿಸ್ತೀಯಂತೆ. ನಲವತ್ತು ವರ್ಷದಿಂದ ನಾಲ್ಕೂವರೆಗೆ ಏಳ್ತಿದೀನಿ. ನನಗೇನಾಗಿದೆ?"

ಬುದ್ಧಿವಂತನಾಗಿದ್ದರೆ ನಕ್ಕು ಮುಂದೆ ಹೋಗುತ್ತಿದ್ದ. ಇವನು ಸಂಶೋಧಕ. "ನೀವು ಒಬ್ಬರೇ ಅಲ್ವಾ ಸರ್. ಒಬ್ಬರನ್ನ ನೋಡಿ ಏನೂ ಹೇಳಕ್ಕಾಗಲ್ಲ. ಚೆನ್ನಾಗಿ ಮಲಗಿದ್ರೆ ನೀವು ಇನ್ನೂ ಚೆನ್ನಾಗಿ ಇರ್ತಿದ್ರೋ ಏನೋ."

ಮೇಷ್ಟ್ರ ಮೀಸೆ ನೆಟ್ಟಗಾಯಿತು. "ಹಾಗಾ. ನಾನೂ ಬರ್ತೀನಿ ನಡಿ ಸಭೆಗೆ. ಆಕ್ಷೇಪಣೆ ಬರೆಸ್ತೀನಿ. ಮಕ್ಕಳನ್ನ ಹಾಳು ಮಾಡೋಕೆ ಹೊರಟಿದಾನೆ." ಟೈಲರ್ ಆಂಟಿಯೂ ಅಷ್ಟರಲ್ಲಿ ಇಳಿದು ಬಂದರು. ಇಬ್ಬರೂ ಆಟೋ ಹತ್ತಿದರು. ಆಟೋದಲ್ಲಿ ಮೂರನೆಯವನಿಗೆ ಜಾಗವಿತ್ತು, ಆದರೆ ಎದುರಾಳಿಯನ್ನು ಕರೆದೊಯ್ಯುವುದು ಮೇಷ್ಟ್ರಿಗೆ ಸರಿ ಕಾಣಲಿಲ್ಲ. ಇವನು ಬಸ್ಸಿಗೆ ಓಡಿದ.

ಬಸ್ಸಿನಲ್ಲಿ ಪಕ್ಕದ ಸೀಟಿಗೆ ಬಂದು ಕೂತವನು ರಾತ್ರಿ ಪಾಳಿ ಮುಗಿಸಿದ ಒಬ್ಬ ಕಾವಲುಗಾರ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ಚಿಂತೆ ಇರುವವನಿಗೂ ಎರಡು ರಾತ್ರಿ ಎದ್ದಿದ್ದರೆ ಬಸ್ಸಿನಲ್ಲಿ ಬರುತ್ತದೆ. ಎರಡು ನಿಲ್ದಾಣ ದಾಟುವಷ್ಟರಲ್ಲಿ ಕಾವಲುಗಾರನ ತಲೆ ವಾಲಿ ವಾಲಿ, ನಿದ್ದೆರಾಯನ ತೊಡೆಯ ಮೇಲಿದ್ದ ನೀಲಿ ಹೂವಿನ ದಿಂಬಿಗೆ ಬಂದು ತಾಗಿತು. ನಿದ್ದೆರಾಯ ಉಸಿರು ಬಿಗಿಹಿಡಿದು ಅವನ ಮುಖ ನೋಡಿದ. ಉಸಿರಾಟ ನಿಧಾನವಾಗಿತ್ತು, ರೆಪ್ಪೆ ಅಲುಗುತ್ತಿರಲಿಲ್ಲ. ಗಾಢ ನಿದ್ದೆ. ಗಾಢ ನಿದ್ದೆಯಲ್ಲಿ ಇರುವವರನ್ನು ಅನವಶ್ಯಕವಾಗಿ ಎಬ್ಬಿಸಬಾರದು ಎಂದು ಇವನೇ ಮೂರು ಪಾರ್ಕುಗಳಲ್ಲಿ ಸಾರಿ ಹೇಳಿದ್ದ.

ನಗರಸಭೆಯ ನಿಲ್ದಾಣ ಬಂತು. ಇವನು ಏಳಲಿಲ್ಲ.

"ಇಲ್ಲೇ ಇಳೀತೀನಿ ಅಂದಿದ್ರಲ್ಲ ಸಾರ್?" ಎಂದ ಕಂಡಕ್ಟರ್.

ಇವನು ತುಟಿಯ ಮೇಲೆ ಬೆರಳಿಟ್ಟು ತೊಡೆಯ ಕಡೆ ತೋರಿಸಿದ. ಬಸ್ಸು ಮುಂದೆ ಹೋಯಿತು. ಕೊನೆಯ ನಿಲ್ದಾಣದಲ್ಲಿ ಡ್ರೈವರ್ ಎಂಜಿನ್ ಆರಿಸಿದಾಗ ಕಾವಲುಗಾರ ತಾನಾಗಿ ಎದ್ದ. ಮುಖ ಅರಳಿತ್ತು. ಕಿಟಕಿಯಾಚೆ ನೋಡಿದ ಮೇಲೆ ಬಾಡಿತು.

"ನನ್ನ ಸ್ಟಾಪು ಯಾವಾಗಲೋ ಹೋಯ್ತಲ್ಲ ಸಾರ್. ಒಂಚೂರು ಎಬ್ಬಿಸಬಾರದಿತ್ತಾ?"

ಹೀಗೆ ಉಪಕಾರ ಮಾಡಿ ಉಗಿಸಿಕೊಂಡು, ವಾಪಸು ಹೊರಡುವ ಬಸ್ಸು ಕಾಣದೆ, ದಿಂಬನ್ನು ತಲೆಯ ಮೇಲೆ ಹೊತ್ತು ಬಿಸಿಲಿನಲ್ಲಿ ಓಡುತ್ತ ಅವನು ನಗರಸಭೆ ಮುಟ್ಟಿದಾಗ ಸಭೆ ಶುರುವಾಗಿ ಬಹಳ ಹೊತ್ತಾಗಿತ್ತು. ಗೇಟಿನಲ್ಲಿ ಸೆಕ್ಯುರಿಟಿಯವನು ಕೋಲು ಅಡ್ಡ ಹಿಡಿದ.

"ಧರಣಿಗೆ ಪರ್ಮಿಷನ್ ಇದೆಯಾ?"

"ಯಾವ ಧರಣಿ? ನಾನು ನಿದ್ದೆ ವಿಷಯ ಮಾತಾಡೋಕೆ ಬಂದಿರೋದು."

"ಹೋದ ವಾರ ಒಬ್ರು ನೀರಿನ ವಿಷಯ ಮಾತಾಡ್ತೀನಿ ಅಂತ ಚಾಪೆ ಸುತ್ಕೊಂಡು ಬಂದ್ರು. ವರಾಂಡದಲ್ಲಿ ಮಲಗಿದೋರು ಎರಡು ದಿನ ಏಳಲಿಲ್ಲ. ಬಯ್ಯಿಸ್ಕೊಂಡಿದ್ದು ನಾನು. ದಿಂಬು ಒಳಗೆ ಹೋಗಲ್ಲ."

ದಿಂಬನ್ನು ಇಲ್ಲಿ ಬಿಟ್ಟರೆ ಅಕ್ಕ ಬಿಡುವುದಿಲ್ಲ, ಹಿಡಿದುಕೊಂಡರೆ ಸೆಕ್ಯುರಿಟಿಯವನು ಬಿಡುವುದಿಲ್ಲ. ನಿದ್ದೆರಾಯನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಅಷ್ಟರಲ್ಲಿ ವರಾಂಡದಿಂದ ಡ್ರಿಲ್ ಮೇಷ್ಟ್ರ ಗಂಟಲು ಕೇಳಿಸಿತು. ಎದುರಾಳಿ ಬಾರದೆ ತಾನು ಯಾರನ್ನು ಸೋಲಿಸುವುದು ಎಂದು ಅವರೂ ಚಡಪಡಿಸಿ ಹೊರಗೆ ಬಂದಿದ್ದರು.

"ಬಿಡಯ್ಯಾ ಅವನನ್ನ. ನಮ್ಮ ಹುಡುಗನೇ. ತಲೆ ಸ್ವಲ್ಪ ಸಡಿಲ, ಅಪಾಯ ಏನಿಲ್ಲ. ದಿಂಬು ನಾನಿಟ್ಕೋತೀನಿ."

ಸಭೆಯಲ್ಲಿ ಇನ್ನೂ ಶಾಲೆಯ ಬೆಂಚುಗಳಿಗೆ ಹಸಿರು ಬಣ್ಣವೋ ಕಂದು ಬಣ್ಣವೋ ಎಂಬ ಚರ್ಚೆ ನಡೆದಿತ್ತು. ಪುಣ್ಯಕ್ಕೆ ಇವನ ಸರದಿ ಬಂದಿರಲಿಲ್ಲ. ಮೂವರೂ ಹಿಂದಿನ ಸಾಲಿನಲ್ಲಿ ಕೂತರು. ಮೇಲೆ ಫ್ಯಾನು ಒಂದೇ ರಾಗದಲ್ಲಿ ತಿರುಗುತ್ತಿತ್ತು. ಹಸಿರಿನ ಪರವಾಗಿ ಇಬ್ಬರು, ಕಂದಿನ ಪರವಾಗಿ ಇಬ್ಬರು ಮಾತಾಡಿದರು. ಕೊನೆಗೆ ಬಣ್ಣ ಮುಂದಿನ ಸಭೆಗೆ ಹೋಯಿತು. ಅಧ್ಯಕ್ಷೆ ಕನ್ನಡಕದ ಮೇಲಿಂದ ಇವನನ್ನು ನೋಡಿದರು.

"ಐದು ನಿಮಿಷ ಅಂದಿದ್ವಿ. ಬೆಂಚಿಗೇ ಹೊತ್ತು ಹೋಯ್ತು. ಎರಡು ನಿಮಿಷದಲ್ಲಿ ಹೇಳಿ ಮುಗಿಸಿ."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅವನು ಎದ್ದು ನಿಂತ. ಬಾಯಿಪಾಠ ಮಾಡಿದ್ದು ಎತ್ತಲೋ ಹಾರಿಹೋಗಿ, ಬಾಯಿಂದ ಪ್ರಯೋಗಾಲಯದ ಭಾಷೆ ಹೊರಟಿತು.

"ಸದ್ಯಕ್ಕೆ ಲಭ್ಯವಿರುವ ಪುರಾವೆಗಳ ಮಟ್ಟಿಗೆ, ಕೆಲವು ಮಿತಿಗಳಿಗೆ ಒಳಪಟ್ಟು ಹೇಳುವುದಾದರೆ..."

"ತಡವಾಗಿ ಶುರು ಮಾಡಿದ್ರೆ ಮಕ್ಕಳಿಗೆ ಒಳ್ಳೇದಾಗುತ್ತೋ ಇಲ್ವೋ? ಒಂದೇ ಮಾತಲ್ಲಿ ಹೇಳಿ."

"ಆಗುವ ಸಾಧ್ಯತೆ ಹೆಚ್ಚು ಮೇಡಂ."

"ಹೆಚ್ಚು ಅಂದ್ರೆ?"

"ಅದು ನೀವು ಒಳ್ಳೇದು ಅನ್ನೋದನ್ನ ಹೇಗೆ ಅಳೀತೀರಿ ಅನ್ನೋದರ ಮೇಲೆ ಇದೆ."

ಹಿಂದಿನ ಸಾಲಿನಲ್ಲಿ ಟೈಲರ್ ಆಂಟಿ ಹಣೆ ಚಚ್ಚಿಕೊಂಡರು. ಸದಸ್ಯರೊಬ್ಬರು ಬ್ಯಾಗಿನ ಜಿಪ್ಪು ಎಳೆದರು. ಅಧ್ಯಕ್ಷೆ ನಿಟ್ಟುಸಿರು ಬಿಟ್ಟು ಹಾಳೆ ತಿರುವಿದರು. "ಇದಕ್ಕೆ ಆಕ್ಷೇಪಣೆ ಇದೆ ಅಂತ ಒಬ್ಬರು ಹೆಸರು ಬರೆಸಿದಾರೆ. ನಿವೃತ್ತ ವ್ಯಾಯಾಮ ಶಿಕ್ಷಕರು. ಬನ್ನಿ, ನಿಮ್ಮದೂ ಕೇಳಿಬಿಡೋಣ."

ಉತ್ತರವಾಗಿ ಹಿಂದಿನ ಸಾಲಿನಿಂದ ಗೊರಕೆ ಬಂತು. ಮೇಷ್ಟ್ರು ದಿಂಬನ್ನು ಗೋಡೆಗೆ ಒತ್ತಿ, ಅದಕ್ಕೆ ಕೆನ್ನೆಯಿಟ್ಟು, ಬಾಯಿ ತೆರೆದು ಮಲಗಿದ್ದರು. ಸಭೆಯೆಲ್ಲ ನಕ್ಕಿತು. ಜವಾನ ಅವರ ಭುಜ ಅಲ್ಲಾಡಿಸಲು ಕೈ ಚಾಚಿದ.

"ಮುಟ್ಟಬೇಡಿ ಅವರನ್ನ."

ಹೇಳಿದ್ದು ನಿದ್ದೆರಾಯ. ಆ ಧ್ವನಿ ಅವನಿಗೇ ಹೊಸದು. ನಗು ನಿಂತಿತು.

"ನಾಲ್ಕೂವರೆಗೆ ಎದ್ದಿದಾರೆ. ನಲವತ್ತು ವರ್ಷದಿಂದ ಏಳ್ತಿದಾರೆ. ದೇಹ ತನಗೆ ಬರಬೇಕಾದ್ದನ್ನ ಸಿಕ್ಕಲ್ಲಿ ಕಿತ್ಕೊಳ್ಳುತ್ತೆ, ಅದರಲ್ಲಿ ಅವರ ತಪ್ಪೇನಿಲ್ಲ. ಇವರು ದೊಡ್ಡವರು, ಅದಕ್ಕೆ ನಕ್ಕು ಸುಮ್ಮನಾದ್ವಿ. ಹದಿಮೂರು ವರ್ಷದ ಹುಡುಗಿ ಹೀಗೇ ಮಲಗಿದ್ರೆ ತರಗತಿಯಿಂದ ಹೊರಗೆ ನಿಲ್ಲಿಸ್ತೀವಿ. ನಿಲ್ಲಿಸಿದ್ದನ್ನ ನಾನೇ ನೋಡಿದೀನಿ. ಹಣೆ ಊದ್ಕೊಂಡಿತ್ತು, ಕಿಟಕಿ ಕಂಬಿ ಹಿಡ್ಕೊಂಡು ನಿಂತ್ಕೊಂಡೇ ಮಲಗಿದ್ಲು. ಆ ಹುಡುಗಿ ದಡ್ಡಿ ಅಲ್ಲ ಮೇಡಂ, ಸೋಮಾರಿನೂ ಅಲ್ಲ. ನಿದ್ದೆ ಸಾಲದು, ಅಷ್ಟೇ. ಮೂರು ವರ್ಷ ಅಳತೆ ಮಾಡಿದ ಮೇಲೆ ಹೇಳ್ತಿದೀನಿ. ಒಂದು ಗಂಟೆ ಕೊಡಿ. ಒಳ್ಳೇದಾಗುತ್ತೆ."

ಮೇಷ್ಟ್ರ ಗೊರಕೆ ಮುಂದುವರಿದಿತ್ತು. ಬ್ಯಾಗಿನ ಜಿಪ್ಪು ಎಳೆದಿದ್ದ ಸದಸ್ಯರು ಅದನ್ನು ಕೆಳಗಿಟ್ಟರು. ಆ ಹುಡುಗನ ಅಂಗಿ ಬೆವರಿನಲ್ಲಿ ತೊಯ್ದು ಬೆನ್ನಿಗೆ ಅಂಟಿತ್ತು, ಕೂದಲಿಗೆ ದಿಂಬಿನ ಹತ್ತಿ ಮೆತ್ತಿತ್ತು. ಆದರೂ ಆ ಗಳಿಗೆಯಲ್ಲಿ ಅಲ್ಲಿದ್ದವರಲ್ಲಿ ಅವನಷ್ಟು ಚೆಂದ ಕಾಣುವವರು ಇನ್ನೊಬ್ಬರಿರಲಿಲ್ಲ.

ಅಧ್ಯಕ್ಷೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. "ಎಲ್ಲ ಶಾಲೆಗೂ ಒಂದೇ ಸಲ ಆಗಲ್ಲ. ನಿಮ್ಮ ಬೀದಿ ಶಾಲೆಯಲ್ಲಿ ಪ್ರಯೋಗ ಮಾಡಿ ನೋಡೋಣ. ಸೋಮವಾರದಿಂದ ಎಂಟೂವರೆಗೆ ಶುರು. ಒಂದು ತಿಂಗಳು. ಸರಿನಾ?"

ಸರಿ ಎಂದು ಕೈ ಮುಗಿದಿದ್ದರೆ ಕತೆ ಅಲ್ಲಿಗೇ ಸುಖವಾಗಿ ಮುಗಿಯುತ್ತಿತ್ತು. ಆದರೆ ಅವನೊಳಗಿನ ಸಂಶೋಧಕ ಅಷ್ಟರಲ್ಲಿ ಮತ್ತೆ ಎಚ್ಚರಗೊಂಡಿದ್ದ.

"ಒಂದು ತಿಂಗಳ ಲೆಕ್ಕ ಸಾಲಲ್ಲ ಮೇಡಂ. ಚಳಿಗಾಲ, ಬೇಸಿಗೆ ಎರಡೂ ನೋಡಬೇಕು. ಕಡಿಮೆ ಅಂದ್ರೂ ಒಂದು ವರ್ಷ ಬೇಕು."

"ನೀವೇ ಕೇಳ್ತಿದೀರಿ. ಆಮೇಲೆ ಬೇಡ ಅನ್ನಬಾರದು. ಒಂದು ವರ್ಷ, ಬರ್ಕೊಳ್ಳಿ."

ಹೊರಗೆ ಬಂದಾಗ ಟೈಲರ್ ಆಂಟಿ ವರಾಂಡದ ಕಂಬದ ಬಳಿ ಅವನನ್ನು ತಡೆದು ನಿಲ್ಲಿಸಿದರು. "ಹಣೆ ಬಡಿಸ್ಕೊಂಡಿದ್ದು ನನ್ನ ಮಗಳು ತಾನೇ? ಬಾಗಿಲು ತಾಗ್ತು ಅಂದಿದ್ಲು ನನ್ನ ಹತ್ರ."

"ಹೆಸರು ಹೇಳೋ ಹಾಗಿಲ್ಲ ಆಂಟಿ. ಸಂಶೋಧನೆ ನಿಯಮ."

ಆಂಟಿ ಕೈ ಚಾಚಿದರು. ಅವನ ಕೂದಲಿಗೆ ಮೆತ್ತಿದ್ದ ಹತ್ತಿಯನ್ನು ಒಂದೊಂದಾಗಿ ತೆಗೆದರು. ಮೇಷ್ಟ್ರು ಮಾತ್ರ ಎದ್ದ ಮೇಲೆ ದಿಂಬನ್ನು ಇವನ ಕೈಗಿಟ್ಟು ಒಬ್ಬರೇ ನಡೆದು ಮನೆ ಸೇರಿದರು.

ಸಂಜೆ ಅವನು ಅಕ್ಕನಿಗೆ ನಡೆದದ್ದನ್ನೆಲ್ಲ ಎರಡನೇ ಸಲ ಹೇಳುತ್ತಿರುವಾಗ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಕಟ್ಟಡಕ್ಕೆ ಕಟ್ಟಡವೇ ಮೆಟ್ಟಿಲ ಮೇಲೆ ನಿಂತಿತ್ತು. ಹಾರ ಗೀರ ತಂದಿರಬಹುದೆಂದು ಅವನು ಅಂಗಿಯ ಕಾಲರು ಸರಿಮಾಡಿಕೊಂಡ.

"ನಮ್ಮ ಮಕ್ಕಳಿಗೋಸ್ಕರ ಓಡಾಡಿದ್ಯಪ್ಪಾ, ನಿನ್ನ ಹೊಟ್ಟೆ ತಣ್ಣಗಿರಲಿ" ಎಂದರು ಟೈಲರ್ ಆಂಟಿ. "ಈಗ ಒಂದು ವಿಷಯ ಹೇಳು. ಕಾರ್ಖಾನೆ ಬಸ್ಸು ಆರೂಮುಕ್ಕಾಲಿಗೆ ಬರುತ್ತೆ. ನಾನು ಹೋದ ಮೇಲೆ ಮಗಳನ್ನ ಎಬ್ಬಿಸೋರು ಯಾರು? ತಿಂಡಿ ತಿನ್ನಿಸಿ, ಬೀಗ ಹಾಕಿ ಕಳಿಸೋರು ಯಾರು?"

"ನಾವು ಗಂಡ ಹೆಂಡ್ತಿ ಇಬ್ರೂ ಏಳಕ್ಕೆ ಹೊರಡ್ತೀವಿ. ಇಷ್ಟು ದಿನ ಹೋಗ್ತಾ ಹಾಗೇ ಶಾಲೆಗೆ ಬಿಡ್ತಿದ್ವಿ" ಎಂದ ಮೇಲಿನ ಮಹಡಿಯ ಗುಮಾಸ್ತ. ಅವನ ಹಿಂದಿದ್ದ ತಲೆಗಳೆಲ್ಲ ಹೌದು ಹೌದೆಂದು ಆಡಿದವು.

ನಿದ್ದೆರಾಯ ಒಬ್ಬೊಬ್ಬರ ಮುಖವನ್ನೂ ನೋಡಿದ. ಮೂರು ವರ್ಷ ಅವನು ಮಕ್ಕಳನ್ನು ಕೇಳದ ಪ್ರಶ್ನೆಯಿರಲಿಲ್ಲ. ದೀಪ ಯಾವಾಗ ಆರುತ್ತದೆ, ರಾತ್ರಿ ಏನು ತಿನ್ನುತ್ತೀರಿ, ಕಿಟಕಿ ಯಾವ ಕಡೆಗಿದೆ, ಎಲ್ಲ ಕೇಳಿದ್ದ. ಬೆಳಗ್ಗೆ ಮನೆಯಲ್ಲಿ ಯಾರಿರುತ್ತಾರೆ ಎಂದು ಮಾತ್ರ ಒಬ್ಬರನ್ನೂ ಕೇಳಿರಲಿಲ್ಲ.

"ಅದಕ್ಕೆ ನಾವೇ ಒಂದು ದಾರಿ ಮಾಡಿದೀವಿ" ಎಂದರು ಆಂಟಿ. "ಆರೂವರೆಗೆ ಮಕ್ಕಳನ್ನ ನಿಮ್ಮನೆಗೆ ತಂದು ಬಿಡ್ತೀವಿ. ಇಲ್ಲೇ ನಡುಮನೇಲಿ ಮಲಗಿರಲಿ. ಎಂಟಕ್ಕೆ ಎಬ್ಬಿಸಿ, ತಿಂಡಿ ತಿನ್ನಿಸಿ ಕಳಿಸು. ನಿಮ್ಮಕ್ಕನ್ನ ಆಗಲೇ ಕೇಳಿದ್ವಿ, ಜಾಗ ಬೇಕಾದಷ್ಟಿದೆ ಅಂದ್ರು."

ಅಕ್ಕ ದಿಂಬಿನ ಗವಸನ್ನು ಕಳಚುತ್ತ ಬಹಳ ಗಂಭೀರಳಾಗಿದ್ದಳು. "ನನಗೆ ಆರಕ್ಕೆ ಡ್ಯೂಟಿ. ಬಾಗಿಲು ತೆಗೆಯೋಕೆ ನೀನೇ ಏಳಬೇಕು ಕಣೋ."

"ಆದ್ರೆ ನನ್ನ ನಿದ್ದೆ..."

"ಮಕ್ಕಳು ಮಲಗಬೇಕು ಅಂದ್ರೆ ಯಾರಾದ್ರೂ ಒಬ್ಬರು ಎದ್ದಿರಬೇಕಲ್ಲಪ್ಪಾ" ಎಂದರು ಆಂಟಿ.  ಅವರು ಹೇಳುವುದು ನ್ಯಾಯವೇ ಆಗಿತ್ತು.

"ಹೋಗಲಿ, ಎಷ್ಟು ದಿನ?"

"ಒಂದು ವರ್ಷ. ಅವರು ತಿಂಗಳು ಅಂದ್ರು, ನೀನೇ ಬೇಡ ಅಂದ್ಯಲ್ಲ."

ಮಾಡಿದ್ದುಣ್ಣೋ ಮಹರಾಯ. ಅವನು ಗೋಡೆಗೆ ಒರಗಿದ. ಆಗ, ಮುಳುಗುವವನಿಗೆ ಹುಲ್ಲುಕಡ್ಡಿ ಕಂಡ ಹಾಗೆ, ಅವನ ತಲೆಗೊಂದು ಉಪಾಯ ಹೊಳೆಯಿತು. ಕಟ್ಟಡದಲ್ಲಿ ಸೂರ್ಯನಿಗಿಂತ ಮೊದಲು ಏಳುವವರು ಒಬ್ಬರಿದ್ದಾರೆ. ದೊಡ್ಡ ಮನೆ, ಒಬ್ಬರೇ ಇರುವುದು, ಮಕ್ಕಳನ್ನು ಸಾಲು ಹಿಡಿಸಿ ಅಭ್ಯಾಸ. ಕೈ ಮುಗಿದು ಕೇಳಿದರೆ ಇಲ್ಲ ಎನ್ನಲಾರರು.

"ಮೇಷ್ಟ್ರಿದಾರಲ್ಲ. ಅವರು ಹೇಗೂ ನಾಲ್ಕೂವರೆಗೇ ಏಳ್ತಾರೆ" ಎಂದ.

ಗುಂಪು ಸರಿದು ದಾರಿ ಬಿಟ್ಟಿತು. ಡ್ರಿಲ್ ಮೇಷ್ಟ್ರು ಅಷ್ಟು ಹೊತ್ತೂ ಹಿಂದೆಯೇ ನಿಂತಿದ್ದರು. ಅವರು ನಿಧಾನವಾಗಿ ಮೆಟ್ಟಿಲು ಹತ್ತಿ ಬಂದು, ನಿದ್ದೆರಾಯನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣು ತೇವವಾಗಿತ್ತು.

"ನೀನೇ ಗೆದ್ದೆ ಕಣಪ್ಪಾ. ಇವತ್ತು ಮಲಗಿದ ಹಾಗೆ ನಾನು ನಲವತ್ತು ವರ್ಷದಲ್ಲಿ ಮಲಗಿರಲಿಲ್ಲ. ಎದ್ದು ನೋಡ್ತೀನಿ, ಮಂಡಿ ನೋವಿಲ್ಲ, ಯಾರ ಮೇಲೂ ಕೋಪ ಇಲ್ಲ. ಅಷ್ಟು ಜನರ ಮುಂದೆ ನನ್ನನ್ನ ಮುಟ್ಟಬೇಡಿ ಅಂದ್ಯಂತೆ. ಆ ಋಣ ಮರೆಯಲ್ಲ."

"ಹಾಗಾದ್ರೆ ಸರ್, ಸೋಮವಾರದಿಂದ ನೀವು..."

"ಸೋಮವಾರದಿಂದ ನಾನೂ ನಿನ್ನ ಪ್ರಯೋಗಕ್ಕೆ ಸೇರಿದೆ" ಎಂದು ಮೇಷ್ಟ್ರು ಶಾಲಿನೊಳಗಿಂದ ತಮ್ಮ ದೊಡ್ಡ ಅಲಾರಾಂ ಗಡಿಯಾರವನ್ನು ತೆಗೆದು ಅವನ ಅಂಗೈಯಲ್ಲಿಟ್ಟರು. "ನನಗಿದು ಇನ್ನು ಬೇಡ, ನಿನಗೆ ಬೇಕಾಗುತ್ತೆ. ನಾನು ಎಂಟರ ತನಕ ಮಲಗೋದು ಅಂತ ನಿಶ್ಚಯ ಮಾಡಿದೀನಿ. ಮಕ್ಕಳನ್ನ ಎಬ್ಬಿಸಿ ಆದ ಮೇಲೆ, ಹಾಗೇ ಕೆಳಗೆ ಬಂದು ನನ್ನ ಬಾಗಿಲೂ ಒಂದು ಸಲ ತಟ್ಟಿಬಿಡು."